ನೆರಿಗೆ ಹಾಕಿದ ಮೆಟ್ಟಿಲು

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಅಂಗಡಿಯ ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ. ಬೋರ್ಡಿನ ಮೇಲೂ ಬಿಸಿಲು ಅದರ ಮುಕ್ಕಾಲು ಭಾಗವನ್ನು ತಿಂದು ಹಾಕಿತ್ತು. ಬೀದಿಗೆಲ್ಲ ಅವನು ‘ಗುಂಡಿಬಾಕಿ’. ಹೊಲಿಯಲು ಕೊಟ್ಟ ಬಟ್ಟೆ ಆಯಿತೇ ಎಂದು ಯಾರೇ ಬಂದು ಕೇಳಲಿ, ಆ ಬಟ್ಟೆ ಇನ್ನೂ ಕತ್ತರಿಯ ಮುಖವನ್ನೇ ನೋಡದೆ ಗಂಟಿನೊಳಗೆ ನಿದ್ದೆ ಹೊಡೆಯುತ್ತಿದ್ದರೂ, ನಮ್ಮ ದರ್ಜಿ ಕನ್ನಡಕದ ಮೇಲಿಂದ ನೋಡಿ, “ಆಗೇ ಹೋಯ್ತು. ಗುಂಡಿ ಒಂದು ಬಾಕಿ. ನಾಳೆ ಬನ್ನಿ” ಎನ್ನುತ್ತಿದ್ದ. ದಿಂಬಿನ ಚೀಲ ಹೊಲಿಯಲು ಕೊಟ್ಟವರಿಗೂ ಅದೇ ಉತ್ತರ.

ಇಷ್ಟಾದರೂ ಗಿರಾಕಿಗಳು ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣ ಗಿರಾಕಿಗಳಿಗೇ ಗೊತ್ತಿರಲಿಲ್ಲ. ಮನುಷ್ಯನ ಹೊಟ್ಟೆ ಒಂದು ವಯಸ್ಸು ದಾಟಿದ ಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. (ಇದನ್ನು ಬರೆಯುತ್ತಿರುವವನ ಹೊಟ್ಟೆಯೂ ಮೇಜಿನ ಅಂಚನ್ನು ಒತ್ತುತ್ತಿರುವುದರಿಂದ ಈ ವಿಷಯವನ್ನು ಹೆಚ್ಚು ಬೆಳೆಸುವುದು ಬೇಡ.) ಬೇರೆ ದರ್ಜಿಗಳಾದರೆ ಟೇಪು ಸುತ್ತಿ, “ಹೋದ ಸಲಕ್ಕಿಂತ ಜಾಸ್ತಿ ಆಗಿದೀರಲ್ಲ!” ಎಂದು ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡುವಂತೆ ಹೇಳುತ್ತಾರೆ. ಗುಂಡಿಬಾಕಿ ಹಾಗಲ್ಲ. ಟೇಪು ಸುತ್ತಿ, ಒಂದು ಗಳಿಗೆ ನೋಡಿ, “ಅದೇ ಅಳತೆ” ಎಂದುಬಿಡುತ್ತಿದ್ದ. ಆಮೇಲೆ ಹೊಸ ಪ್ಯಾಂಟಿಗೆ ಒಂದೆರಡು ಬೆರಳಿನಷ್ಟು ಸಡಿಲ ಬಿಡುತ್ತಿದ್ದ. ಹಳೆಯ ಪ್ಯಾಂಟು ಜಿಪ್ಪು ಹಾಕಿಸಲು ಬಂದರೆ ಸೊಂಟದ ಹೊಲಿಗೆಯನ್ನೂ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಸ್ವಲ್ಪ ಬಿಡಿಸಿ, ಬಾಯಿ ಮುಚ್ಚಿಕೊಂಡು ಹೊಲಿದು ಕೊಡುತ್ತಿದ್ದ. ಬೀದಿಯ ಗಂಡಸರೆಲ್ಲ ಮದುವೆಯ ದಿನ ಹೇಗಿದ್ದೆವೋ ಹಾಗೇ ಇದ್ದೇವೆ ಎಂಬ ನಂಬಿಕೆಯಲ್ಲಿ ಎದೆ ಉಬ್ಬಿಸಿಕೊಂಡು ನಡೆಯುತ್ತಿದ್ದರು. ಉಬ್ಬಿರುವುದು ಎದೆಯಲ್ಲ ಎಂದು ಹೇಳುವವರು ಯಾರು?

ಈ ನಂಬಿಕೆಯವರಿಗೆ ಒಬ್ಬ ಅಧ್ಯಕ್ಷರನ್ನು ಆರಿಸಬೇಕಾಗಿದ್ದರೆ ಆ ಕುರ್ಚಿ ಅವನ ಸ್ವಂತ ಅಕ್ಕನಿಗೇ ಸಲ್ಲುತ್ತಿತ್ತು. ಅಕ್ಕ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತಳಾದವಳು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ನಿವೃತ್ತಿಯ ದಿನ ಸ್ಕೂಲಿನವರು ಬೀರುವಿನ ಬೀಗದ ಕೈ, ಫುಟ್‌ಬಾಲು, ಹಗ್ಗ ಎಲ್ಲವನ್ನೂ ವಾಪಸು ಕೇಳಿದರು; ಸೀಟಿಯನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. “ಕೆಲಸಕ್ಕೆ ಸೇರಿದ ದಿನ ಯಾವ ಅಳತೆಯೋ ಇವತ್ತಿಗೂ ಅದೇ ಅಳತೆ. ಬೇಕಾದ್ರೆ ನನ್ನ ತಮ್ಮನ್ನ ಕೇಳಿ” ಎಂದು ಅವಳು ಸೊಂಟ ತಟ್ಟಿಕೊಂಡು ಹೇಳುವಾಗ ತಮ್ಮ ದಾರ ಪೋಣಿಸುವುದರಲ್ಲಿ ಮುಳುಗಿಹೋಗಿ, “ಹೌದು, ಹೌದು” ಎನ್ನುತ್ತಿದ್ದ.

ಅಮ್ಮ ತೀರಿಕೊಂಡಾಗ ಅವನಿಗೆ ನಿಕ್ಕರಿನ ಗುಂಡಿ ಹಾಕಿಕೊಳ್ಳುವುದಕ್ಕೂ ಬರುತ್ತಿರಲಿಲ್ಲ. ಆ ಗುಂಡಿ ಹಾಕಿದವಳು, ಮೂಗು ಒರೆಸಿದವಳು, ಲೆಕ್ಕದಲ್ಲಿ ಫೇಲಾದಾಗ ಕಿವಿ ಹಿಂಡಿ ಹೊಲಿಗೆ ಕಲಿಯಲು ಕಳಿಸಿದವಳು ಅಕ್ಕ. ಮದುವೆ ಯಾಕಾಗಲಿಲ್ಲ ಎಂದರೆ “ಪುರುಸೊತ್ತಾಗಲಿಲ್ಲ” ಎನ್ನುತ್ತಿದ್ದಳು. ತಮ್ಮನ ತಲೆ ನೆರೆತರೂ ಅವನು ಅವಳ ಬಾಯಲ್ಲಿ ಇನ್ನೂ ‘ಮಗು’.

ಅಕ್ಕ ಇದ್ದ ಬಾಡಿಗೆ ಮನೆಯನ್ನು ಅದರ ಯಜಮಾನ ಮಾರಿಬಿಟ್ಟ. ಅವಳು ಒಂದು ಟ್ರಂಕು, ಒಂದು ಜೊತೆ ಡಂಬೆಲ್ಸು ಹಿಡಿದುಕೊಂಡು ತಮ್ಮನ ಮನೆಗೆ ಬಂದಳು. ಕಾರ್ ಶೆಡ್ಡಿನ ಮೇಲೆ ಒಂದು ರೂಮು ಖಾಲಿಯಿತ್ತು. ಗಾಳಿ, ಬೆಳಕು, ಮುಂದೊಂದು ಸಣ್ಣ ಬಾಲ್ಕನಿ. ಎಲ್ಲ ಸರಿ, ಆದರೆ ಆ ರೂಮಿಗೆ ಹೋಗುವ ದಾರಿ ಒಂದೇ, ಅದು ಮಹಡಿಯ ಮೇಲಿದ್ದ ದರ್ಜಿ ದಂಪತಿಗಳ ಮಲಗುವ ಕೋಣೆಯ ಮೂಲಕ. ಅಕ್ಕ ಬೆಳಗಿನ ಜಾವಕ್ಕೇ ಏಳುವ ಹೆಂಗಸು. ಬೇರೆಯವರ ಮಲಗುವ ಕೋಣೆಯನ್ನು ಸುಮ್ಮನೆ ಹಾದುಹೋಗುವುದು ಮರ್ಯಾದೆಯಲ್ಲ ಎಂದು, ಬಾಗಿಲು ತೆಗೆಯುವ ಮೊದಲು ಒಂದು ಸಲ ಸೀಟಿ ಊದುತ್ತಿದ್ದಳು.

“ನಿಮ್ಮಕ್ಕ ಒಳ್ಳೆಯವರೇ ಕಣ್ರೀ,” ಎಂದಳು ದರ್ಜಿಯ ಹೆಂಡತಿ ಕೆಲವು ವಾರಗಳ ನಂತರ, ಕಣ್ಣಿನ ಕೆಳಗಿನ ಕಪ್ಪನ್ನು ತೋರಿಸುತ್ತ. “ಆದ್ರೆ ದಿನಾ ರೈಲ್ವೆ ಪ್ಲಾಟ್‌ಫಾರಮ್ಮಲ್ಲಿ ಮಲಗಿ ಎದ್ದ ಹಾಗಾಗುತ್ತೆ.”

ಅಕ್ಕನಿಗೂ ಅದು ಗೊತ್ತಿತ್ತು. ಒಂದು ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತಳು.

“ನೋಡು ಮಗು, ನಿಮ್ಮ ಮಂಚದ ಪಕ್ಕ ಹಾದುಹೋಗೋದ್ರಲ್ಲಿ ನನಗೇನೂ ಖುಷಿ ಇಲ್ಲ. ನಮ್ಮ ಸಂಗೀತದ ಟೀಚರ್ ಕರೀತಾನೇ ಇದ್ದಾಳೆ. ಅವಳ ಊರಲ್ಲಿ ಕೆಳಗಡೇನೇ ಒಂದು ರೂಮು ಇದೆಯಂತೆ. ತಿಂಗಳ ಕೊನೇಲಿ ವ್ಯಾನು ತಗೊಂಡು ಬರ್ತೀನಿ ಅಂದಿದ್ದಾಳೆ. ಅಷ್ಟರಲ್ಲಿ ಹೊರಗಡೆಯಿಂದ ಒಂದು ಮೆಟ್ಟಿಲಾಯ್ತು, ನನ್ನ ಪಾಡಿಗೆ ನಾನು ಹತ್ತಿ ಇಳಿಯೋ ಹಾಗಾಯ್ತು ಅಂದ್ರೆ ಇರ್ತೀನಿ. ಇಲ್ಲ ಅಂದ್ರೆ ಹೊರಟೆ. ಬೇಜಾರೇನಿಲ್ಲ.”

ದರ್ಜಿ ಬಾಯಲ್ಲಿ ಯಾವಾಗಲೂ ಇಟ್ಟುಕೊಂಡಿರುತ್ತಿದ್ದ ಗುಂಡುಸೂಜಿಯನ್ನು ತೆಗೆದು ಮೇಜಿನ ಮೇಲಿಟ್ಟ. ಹೋಗಬೇಡ ಅಕ್ಕ ಎನ್ನಬೇಕಿತ್ತು. ಅವನ ನಾಲಿಗೆಗೆ ಅಭ್ಯಾಸವಿದ್ದ ಮಾತು ಒಂದೇ.

“ಮೆಟ್ಟಿಲು ತಾನೇ? ಆಗೇ ಹೋಯ್ತು ಅನ್ನು.”

ಆದರೆ ಈ ಕೆಲಸದಲ್ಲಿ ಅವನಿಗೆ ಮಾತ್ರ ಗೊತ್ತಿದ್ದ ಒಂದು ತೊಡಕಿತ್ತು. ಅಕ್ಕನ ಪ್ಯಾಂಟುಗಳ ಎಡಗಾಲಿನ ಅಂಚು ಬಲಗಾಲಿಗಿಂತ ಬೇಗ ಸವೆಯುತ್ತಿತ್ತು. ಅಂದರೆ ಅವಳು ಎಡಗಾಲನ್ನು ಎಳೆದು ಹಾಕುತ್ತಿದ್ದಾಳೆ. ಅಂದರೆ ಎಡಮಂಡಿ ಕೈಕೊಡುತ್ತಿದೆ. ಅವನು ಏನೂ ಕೇಳದೆ ಆ ಅಂಚಿಗೆ ಒಳಗಿನಿಂದ ಪಟ್ಟಿ ಕೊಟ್ಟು ಹೊಲಿಯುತ್ತಿದ್ದ. ಕೇಳುವ ಹಾಗೂ ಇರಲಿಲ್ಲ. “ಮಂಡಿ ನೋವು ಬರೋದು ಸೋಮಾರಿಗಳಿಗೆ” ಎಂದು ಊರ ಮಕ್ಕಳಿಗೆಲ್ಲ ಬಿಸಿಲಲ್ಲಿ ನಿಲ್ಲಿಸಿ ಹೇಳಿದವಳು ಅವಳೇ. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿ, ಮಂಡಿ ನೋವು ಬಂದರೂ ಸೊಂಟ ನೋವು ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಅಳತೆ ತೆಗೆಯದೆ ಅವನು ಕರ್ಚೀಫನ್ನೂ ಹೊಲಿದವನಲ್ಲ. ಅಕ್ಕನಿಗೆ ಮೆಟ್ಟಿಲು ಕಟ್ಟಿಸುತ್ತಾನೆಯೇ? ಅಂಗಡಿಯ ಹೊಸ್ತಿಲ ಬಳಿ ಒಂದು ಹಲಗೆ ಹಾಕಿದ. ಮಾರನೆಯ ದಿನ ಅದರ ಮೇಲೆ ಇನ್ನೊಂದು. ಅದರ ಮರುದಿನ ಮತ್ತೊಂದು. ಪೋಸ್ಟ್‌ಮ್ಯಾನ್ ದಿನಕ್ಕೊಮ್ಮೆ ಎಡವಿ, “ಅಂಗಡೀನ ಬೆಟ್ಟದ ಮೇಲೆ ಶಿಫ್ಟ್ ಮಾಡ್ತಿದೀರಾ?” ಎಂದು ಕೇಳಿದ. ದರ್ಜಿ ಉತ್ತರ ಕೊಡದೆ, ಅಕ್ಕ ಬರುವ ಹೊತ್ತಿಗೆ ಕತ್ತರಿ ಹಿಡಿದುಕೊಂಡು ಓರೆಗಣ್ಣಿನಿಂದ ನೋಡುತ್ತಿದ್ದ. ಕೊನೆಗೊಂದು ದಿನ ಹಲಗೆ ಹತ್ತುವಾಗ ಅವಳ ಕೈ ತಾನಾಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಅವಳು ಹೋದ ಮೇಲೆ ಮೇಲಿನ ಹಲಗೆ ತೆಗೆದುಹಾಕಿ, ಉಳಿದದ್ದಕ್ಕೆ ಟೇಪು ಹಿಡಿದ. ಐದು ಇಂಚು.

ಮೆಟ್ಟಿಲು ಕಟ್ಟಲು ಒಪ್ಪಿಕೊಂಡ ಮೇಸ್ತ್ರಿ ದರ್ಜಿಯ ಹಳೆಯ ಗಿರಾಕಿ. ಅಕ್ಕನ ಹಳೆಯ ಶಿಷ್ಯನೂ ಹೌದು. ಅವನ ಮಗಳ ಮದುವೆಗೆಂದು ಕೊಟ್ಟಿದ್ದ ಪ್ಯಾಂಟು ಬಹಳ ದಿನದಿಂದ ದರ್ಜಿಯ ಬಳಿ ‘ಗುಂಡಿ ಬಾಕಿ’ ಸ್ಥಿತಿಯಲ್ಲಿತ್ತು. ಶೆಡ್ಡಿನ ಮುಂದೆ ನಿಂತು, ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಅವನು ಗೋಡೆಯ ಮೇಲೆ ಗೀಟು ಹಾಕಲು ಶುರು ಮಾಡಿದ.

“ಒಂದೊಂದು ಮೆಟ್ಟಿಲೂ ಏಳು ಇಂಚು ಎತ್ತರ.”

“ಐದು,” ಎಂದ ದರ್ಜಿ.

“ಐದಾ? ಹತ್ತೋದ್ಯಾರು, ಬಾತುಕೋಳೀನಾ?”

ಮೇಲಿನ ಕಿಟಕಿಯಲ್ಲಿ ಅಕ್ಕನ ತಲೆ ಕಾಣಿಸಿತು. “ಏನೋ ಅದು ಐದು ಇಂಚು? ಮನುಷ್ಯರು ಹತ್ತೋ ಮೆಟ್ಟಿಲು ಕಟ್ಟೋ. ಏಳಲ್ಲ, ಎಂಟು ಮಾಡು!”

ದರ್ಜಿ ಲೆಕ್ಕ ಹಾಕಿದ. ನಿಜ ಹೇಳಿದರೆ ಅಕ್ಕ ಈಗಲೇ ಟ್ರಂಕು ಎತ್ತುತ್ತಾಳೆ. ಹೇಳದಿದ್ದರೆ ಎಂಟು ಇಂಚಿನ ಮೆಟ್ಟಿಲು ಆಗಿ, ಒಂದು ವಾರ ಹಲ್ಲು ಕಚ್ಚಿ ಹತ್ತಿ, ಆಮೇಲೆ ಎತ್ತುತ್ತಾಳೆ.

“ನನಗೆ ಅಕ್ಕ… ನನಗೇ ಬೇಕಾಗಿರೋದು. ನನ್ನ ಮಂಡಿ ಹೋಗಿಬಿಟ್ಟಿದೆ.”

“ಯಾವ ಮಂಡಿ?” ಎಂದ ಮೇಸ್ತ್ರಿ.

ದರ್ಜಿ ಕೈಗೆ ಹತ್ತಿರವಾದ ಮಂಡಿಯನ್ನು ಮುಟ್ಟಿ ತೋರಿಸಿದ.

ಸುದ್ದಿ ಹಬ್ಬುವುದಕ್ಕೆ ಮೆಟ್ಟಿಲು ಬೇಕಾಗುವುದಿಲ್ಲ. ಸಂಜೆಯ ಹೊತ್ತಿಗೆ ಬೀದಿಯೆಲ್ಲ ಗುಂಡಿಬಾಕಿಯ ಮಂಡಿಯದೇ ಮಾತು. “ಕಾಲ್ಮಶೀನು ತುಳಿದೂ ತುಳಿದೂ ಸವೆದು ಹೋಗಿರುತ್ತೆ” ಎಂದ ಕ್ಷೌರದಂಗಡಿಯವನು, ಒಂದು ಸೀಸೆ ಎಣ್ಣೆ ಕೊಟ್ಟ. ಔಷಧಿ ಅಂಗಡಿಯವನು ಮಂಡಿಗೆ ಹಾಕುವ ಪಟ್ಟಿ ಕಳಿಸಿದ. ಪೋಸ್ಟ್‌ಮ್ಯಾನ್ ಹೊಸ್ತಿಲ ಹಲಗೆಗಳ ಅರ್ಥ ಈಗ ತನಗೆ ಹೊಳೆಯಿತೆಂದು ಎಲ್ಲರಿಗೂ ಹೇಳಿಕೊಂಡು ಬಂದ. ಕುಂಟದೆ ಬೇರೆ ದಾರಿಯೇ ಇರಲಿಲ್ಲ. ಕುಂಟುವುದು ಕಷ್ಟವೇನಲ್ಲ, ನಿನ್ನೆ ಯಾವ ಕಾಲಿನಲ್ಲಿ ಕುಂಟಿದ್ದೆ ಎಂದು ನೆನಪಿಡುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಅಕ್ಕನೇ. ಅವಳು ತಮ್ಮನ ಮಂಡಿಯನ್ನು ಕೈಗೆತ್ತಿಕೊಂಡಳು.

“ಮೆಟ್ಟಿಲು ಕುಳ್ಳ ಮಾಡೋದಲ್ಲ ಮದ್ದು. ಮಂಡಿ ಗಟ್ಟಿ ಮಾಡೋದು ಮದ್ದು. ಕಾಂಕ್ರೀಟು ಬೀಳೋದ್ರೊಳಗೆ ನಿನ್ನ ಸರಿ ಮಾಡ್ತೀನಿ. ಆಮೇಲೆ ಏಳು ಇಂಚೇ ಕಟ್ಟಿಸೋಣ, ಮರ್ಯಾದಸ್ಥರ ಹಾಗೆ.”

ಮಾರನೆಯ ಬೆಳಿಗ್ಗೆಯಿಂದ ಶೆಡ್ಡಿನ ಮುಂದೆ ಡ್ರಿಲ್ ಶುರುವಾಯಿತು. ಸೀಟಿ ಊದಿದರೆ ಬಸ್ಕಿ, ಇನ್ನೊಮ್ಮೆ ಊದಿದರೆ ಜಿಗಿತ. ಹಾಲಿನವಳು ಹಾಲು ಹಾಕುವುದನ್ನು ಮರೆತು ನಿಂತು ನೋಡುತ್ತಿದ್ದಳು. ಇಟ್ಟಿಗೆ ಹೊರುತ್ತಿದ್ದ ಮೇಸ್ತ್ರಿ, ಸೀಟಿ ಕೇಳಿದಾಗಲೆಲ್ಲ ಹಳೆಯ ಭಯಕ್ಕೆ ತಾನೂ ಒಂದು ಬಸ್ಕಿ ಹೊಡೆದುಬಿಡುತ್ತಿದ್ದ.

“ಮೇಡಂ, ನನಗೇನೂ ಆಗಿಲ್ಲ.”

“ಆಗೋದ್ರೊಳಗೆ ಹೊಡಿ!”

ಮೊದಲ ಕೆಲವು ದಿನ ದರ್ಜಿಯ ಸುಳ್ಳು ಮಂಡಿ ನಿಜವಾಗಿಯೂ ನೋಯಿತು. ಆಮೇಲೆ ಆದದ್ದು ಅದಕ್ಕಿಂತ ಕೆಟ್ಟದ್ದು: ಅವನ ಕಾಲುಗಳು ಹುಟ್ಟಿದಾಗಿನಿಂದ ಇಲ್ಲದಷ್ಟು ಗಟ್ಟಿಯಾದವು. ಕಾಲ್ಮಶೀನು ಹಾರಿಹೋಗುವ ವೇಗದಲ್ಲಿ ಓಡತೊಡಗಿತು. ಆದರೂ ಗುಣವಾಯಿತು ಎನ್ನುವಂತಿಲ್ಲ. ಎಂದರೆ ಮೆಟ್ಟಿಲು ಏಳು ಇಂಚಾಗುತ್ತದೆ. ಹುಲಿಯಂಥ ಕಾಲುಗಳನ್ನಿಟ್ಟುಕೊಂಡು ಅವನು ಬೀದಿಯಲ್ಲಿ ಕುಂಟುತ್ತ ತಿರುಗಿದ.

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ಮೆಟ್ಟಿಲು ಕುಳ್ಳಾದರೆ ಸಾಲು ಉದ್ದವಾಗುತ್ತದೆ ಎಂಬುದನ್ನು ದರ್ಜಿ ಯೋಚಿಸಿರಲಿಲ್ಲ. ಮೇಸ್ತ್ರಿ ನೆಲದ ಮೇಲೆ ದಾರ ಹಿಡಿದು ತೋರಿಸಿದಾಗ, ಮೆಟ್ಟಿಲ ಸಾಲು ಪಕ್ಕದ ಗೋಡೆಯನ್ನು ಮುಗಿಸಿ, ಮೂಲೆ ದಾಟಿ, ಶೆಡ್ಡಿನ ಬಾಗಿಲಿಗೇ ಅಡ್ಡ ಬಂದು ನಿಂತಿತು.

ದರ್ಜಿಯ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಹೀಗೆ ಕಟ್ಟಿದ್ರೆ ನಮ್ಮಪ್ಪನ ಕಾರು ಆಚೆ ಬರೋದು ಹೇಗೆ?”

ಅವಳಪ್ಪನ ಕಾರು ಆಚೆ ಬರುವುದಕ್ಕೆ ಮೆಟ್ಟಿಲಿಗಿಂತ ದೊಡ್ಡ ಅಡ್ಡಿಗಳಿದ್ದವು. ಅದಕ್ಕೆ ಚಕ್ರಗಳಿರಲಿಲ್ಲ. ಹಿಂದಿನ ಸೀಟಿನ ತುಂಬ ಬಟ್ಟೆಯ ಗಂಟುಗಳು, ಸ್ಟಿಯರಿಂಗಿಗೆ ನೇತುಹಾಕಿದ ಕೋಟುಗಳು. ಆದರೆ ಅದರ ಹಾರ್ನು ಇನ್ನೂ ಕೆಲಸ ಮಾಡುತ್ತಿತ್ತು. ಅವಳು ವರ್ಷಕ್ಕೊಮ್ಮೆ ಅಪ್ಪನನ್ನು ನೆನೆದು ಅದನ್ನು ಒತ್ತುತ್ತಿದ್ದಳು. ಆ ಕಾರಿನ ಬಗ್ಗೆ ಹಗುರವಾಗಿ ಮಾತಾಡಿದವರಿಗೆ ಆ ಮನೆಯಲ್ಲಿ ಊಟ ದಕ್ಕುತ್ತಿರಲಿಲ್ಲ.

ದರ್ಜಿ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಎಲ್ಲವನ್ನೂ ಹೇಳಿದ. ಎಡಗಾಲಿನ ಅಂಚು, ಹಲಗೆ, ಚೌಕಟ್ಟು ಹಿಡಿದ ಕೈ.

ಅವಳು ಸೌಟನ್ನು ಕೆಳಗಿಟ್ಟಳು. “ಮೊದಲೇ ಹೇಳೋಕೇನಾಗಿತ್ತು? ನಾನೇನು ರಾಕ್ಷಸೀನಾ? ದಿನಾ ನಿಮ್ಮ ಮಂಡಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದುಹೋಯ್ತು.”

“ತಪ್ಪಾಯ್ತು.”

“ಅದಿರ್ಲಿ. ಬಟ್ಟೆ ಉದ್ದ ಜಾಸ್ತಿ ಆದ್ರೆ ನೀವೇನ್ಮಾಡ್ತೀರಿ?”

“ಮಡಚಿ ನೆರಿಗೆ ಹಾಕ್ತೀನಿ.”

“ಮತ್ತೆ?” ಎಂದಳು ಅವಳು, ನಲ್ಲಿ ನಿಲ್ಲಿಸಿ.

ದರ್ಜಿ ಕುಂಟುವುದನ್ನೂ ಮರೆತು ಹೊರಗೆ ಓಡಿ, ಬಾಗಿಲು ದಾಟಿದ ಮೇಲೆ ನೆನಪಾಗಿ ಕುಂಟಿ, ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ತೆಗೆದು ಗೋಡೆಯ ಮೇಲೆ ಬರೆದ. ಮೆಟ್ಟಿಲು ಪಕ್ಕದ ಗೋಡೆಗುಂಟ ಅರ್ಧ ಏರುತ್ತದೆ. ಅಲ್ಲೊಂದು ಅಗಲವಾದ ಜಾಗ. ಅಲ್ಲಿಂದ ಹಿಂದಕ್ಕೆ ಮಡಚಿಕೊಂಡು ಉಳಿದರ್ಧ ಏರಿ ಬಾಲ್ಕನಿಗೆ ಸೇರುತ್ತದೆ. ಕಾರಿನ ಮೂತಿಗೆ ಏನೂ ತಾಗುವುದಿಲ್ಲ. ಆಮೇಲೆ ಕಿಟಕಿಗೆ ಕೇಳುವಂತೆ ಗಟ್ಟಿಯಾಗಿ, “ಮಧ್ಯದ ಜಾಗದಲ್ಲಿ ಒಂದು ಕಟ್ಟೆ ಕಟ್ಟಿ ಮೇಸ್ತ್ರಿಗಳೇ. ನನಗೆ ಸುಸ್ತಾದ್ರೆ ಕೂರೋಕೆ!” ಎಂದ.

ಮೇಸ್ತ್ರಿ ಗೋಡೆಯನ್ನೂ ದರ್ಜಿಯನ್ನೂ ನೋಡಿ, “ಇದಕ್ಕೂ ಗುಂಡಿ ಇಡ್ಬೇಕಾ?” ಎಂದ. ಆದರೆ ಕಟ್ಟಿದ. ಕಾಂಕ್ರೀಟು ಬಿತ್ತು, ಹಲಗೆ ಬಿಚ್ಚಿದರು, ಐದು ಇಂಚಿನ ಮೆಟ್ಟಿಲುಗಳು ಸಾಲಾಗಿ ಮೈ ತೋರಿಸಿದವು. ಅಕ್ಕ ಬಾಲ್ಕನಿಯಿಂದ ಬಗ್ಗಿ ನೋಡಿ, “ಗೊಂಬೆಮನೆ ಮೆಟ್ಟಿಲು” ಎಂದು ಮೂಗು ಮುರಿದಳು. ಇನ್ನು ಉಳಿದದ್ದು ಕೈಗೆ ಆಸರೆಯಾಗುವ ಕಂಬಿ ಮಾತ್ರ. ಅಕ್ಕನ ಕೈಗೆ ಬೇಕಾದದ್ದೂ ಅದೇ.

“ಕಂಬಿ ಯಾವಾಗ ಮೇಸ್ತ್ರಿಗಳೇ?”

“ಆಗೇ ಹೋಯ್ತು. ಕಂಬಿ ಒಂದು ಬಾಕಿ. ನಾಳೆ ಬರ್ತೀನಿ.”

ದರ್ಜಿ ಬೆಚ್ಚಿಬಿದ್ದ. ಈ ವಾಕ್ಯವನ್ನು ಅವನು ಆಡಿದ್ದನೇ ಹೊರತು ಕೇಳಿಸಿಕೊಂಡಿರಲಿಲ್ಲ. ಕೇಳುವವರಿಗೆ ಅದು ಹೊಟ್ಟೆಯ ಯಾವ ಭಾಗಕ್ಕೆ ಹೋಗಿ ಕೂರುತ್ತದೆ ಎಂಬುದು ಈಗ ಗೊತ್ತಾಯಿತು. ಮಾರನೆಯ ದಿನ ಮೇಸ್ತ್ರಿ ಬರಲಿಲ್ಲ. ಅದರ ಮಾರನೆಯ ದಿನ ಬಂದು, “ನಾಳೆ” ಎಂದ. ಕೊನೆಗೆ ಬಾಯಿಬಿಟ್ಟೇ ಹೇಳಿದ: “ಪ್ಯಾಂಟಿಗೆ ಗುಂಡಿ ಬಿದ್ದ ದಿನ ಮೆಟ್ಟಿಲಿಗೆ ಕಂಬಿ ಬೀಳುತ್ತೆ. ನಂಗೂ ಮಗಳ ಮದುವೆ ಹತ್ರ ಬಂತು ಸ್ವಾಮಿ.”

ತಿಂಗಳ ಕೊನೆ ಬಂದೇಬಿಟ್ಟಿತು. ಸಂಗೀತದ ಟೀಚರು ವ್ಯಾನು ಗೊತ್ತು ಮಾಡಿದ್ದೇನೆಂದು ಫೋನು ಮಾಡಿದಳು. ಅಂದು ನಮ್ಮ ದರ್ಜಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ತನ್ನ ವೃತ್ತಿಜೀವನದಲ್ಲಿ ಹಿಂದೆಂದೂ ಮಾಡದ ಕೆಲಸ ಮಾಡಿದ: ‘ನಾಳೆ’ ಎನ್ನದೆ ಗುಂಡಿ ಹಾಕಿದ. ಇಸ್ತ್ರಿ ಮಾಡಿ, ಮೇಸ್ತ್ರಿಯ ಕಣ್ಣಿಗೆ ಬೀದಿಯಿಂದಲೇ ಕಾಣಲೆಂದು ಅಕ್ಕನ ಬಾಲ್ಕನಿಯಲ್ಲಿ ನೇತುಹಾಕಿದ. ಆಸೆ ಹುಟ್ಟಿಸುವಂತೆ ಅದು ಗಾಳಿಯಲ್ಲಿ ಕಾಲಾಡಿಸಿತು.

ಮೇಸ್ತ್ರಿ ಕಂಬಿಗಳನ್ನು ಹೊತ್ತುಕೊಂಡು ಬಂದ. ಅದೇ ಹೊತ್ತಿಗೆ ವ್ಯಾನೂ ಬಂತು. ಅದರಿಂದ ಸಂಗೀತದ ಟೀಚರು ಇಳಿದಳು: ದಪ್ಪ ಕನ್ನಡಕ, ದಪ್ಪ ದನಿ, ಮುಖದ ಮೇಲೆ ಹೊಡೆದ ಹಾಗೆ ಮಾತಾಡುವ ಹೆಂಗಸು. ಅಕ್ಕ ಕೆಳಗಿಳಿದು ಬಂದು ಕೈ ಹಿಂದೆ ಕಟ್ಟಿ ನಿಂತಳು.

“ಕಂಬಿ ಬೀಳೋವರೆಗೆ ಲೆಕ್ಕಕ್ಕಿಲ್ಲ. ಬಿದ್ರೆ ನೋಡ್ತೀನಿ.”

ಆಗ ಒಂದು ಗಾಳಿ ಬೀಸಿತು. ಪ್ಯಾಂಟು ಹ್ಯಾಂಗರಿನಿಂದ ಕಳಚಿ, ಬಾಲ್ಕನಿಯ ಅಂಚಿಗೆ ಒಂದು ಕಾಲು ಹಾಕಿ, ಹಾರುವುದೋ ಬೇಡವೋ ಎಂದು ಯೋಚಿಸಿತು. ಕೆಳಗೆ ಕಂಬಿ ನೆಡಲು ಮೇಸ್ತ್ರಿ ಆಗ ತಾನೇ ಕಲಸಿಟ್ಟ ಸಿಮೆಂಟಿನ ರಾಶಿ.

“ನನ್ನ ಪ್ಯಾಂಟು!” ಎಂದು ಮೇಸ್ತ್ರಿ ಕಿರುಚುವುದರೊಳಗೆ ದರ್ಜಿ ಹಾರಿದ್ದ. ಮೆಟ್ಟಿಲುಗಳನ್ನು ಮೂರು ಮೂರಾಗಿ ದಾಟಿ, ಕಟ್ಟೆಯ ಮೇಲೆ ಒಂದು ಕಾಲಿಟ್ಟು ತಿರುಗಿ, ಜಿಂಕೆಯ ಹಾಗೆ ಮೇಲಕ್ಕೆ ನೆಗೆದು, ಗಾಳಿಯಲ್ಲಿದ್ದ ಪ್ಯಾಂಟಿನ ಕಾಲನ್ನು ಹಿಡಿದೇಬಿಟ್ಟ. ಹಾಲಿನವಳು ಚಪ್ಪಾಳೆ ತಟ್ಟಿದಳು. ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಇಳಿದ. ದರ್ಜಿ ಗೆಲುವಿನಿಂದ ಪ್ಯಾಂಟನ್ನು ಬಾವುಟದ ಹಾಗೆ ಎತ್ತಿ ತೋರಿಸಿ, ಕೆಳಗಿನವರ ಮುಖ ನೋಡಿದ. ನೋಡಿದ ಮೇಲೆ ತನಗೆ ಮಂಡಿ ನೋವೆಂಬುದು ನೆನಪಾಯಿತು.

ಸೀಟಿ ಕೂಗಿತು. ಮೇಸ್ತ್ರಿ ನೆಟ್ಟಗೆ ನಿಂತುಕೊಂಡ.

“ಇಳಿ ಕೆಳಗೆ,” ಎಂದಳು ಅಕ್ಕ. ಅವನು ಇಳಿದು ಬಂದ. “ಯಾವ ಮಂಡಿ?”

“ಬಲ… ಅಲ್ಲ, ಎಡ…”

“ಮೊದಲು ಬಲ ಇತ್ತು. ಆಮೇಲೆ ಎಡ ಆಯ್ತು. ಹೋದ ಭಾನುವಾರ ಎರಡೂ. ಮಂಡಿ ನೋವೇನು ಬಾಡಿಗೆ ಸೈಕಲ್ಲಾ, ದಿನಕ್ಕೊಂದು ಕಡೆ ಹೋಗೋಕೆ? ನಾನು ಕಂಡಿದ್ದೆ. ಸೋಮಾರಿತನ, ಡ್ರಿಲ್ ಕಳ್ಳ ಅಂದ್ಕೊಂಡಿದ್ದೆ. ಡ್ರಿಲ್ ಕಳ್ಳ ಹೀಗೆ ಹಾರಲ್ಲ. ಈಗ ಹೇಳು. ಐದು ಇಂಚು ಯಾರಿಗೆ? ಆ ಕಟ್ಟೆ ಯಾರಿಗೆ?”

ದರ್ಜಿ ಆಕಾಶ ನೋಡಿದ. ಅವನ ಹೆಂಡತಿ ಕಾರು ನೋಡಿದಳು. ಮೇಸ್ತ್ರಿಗೆ ಆಗ ತಾನೇ ಅರ್ಥವಾಗಿ, ಅವನು ಕಂಬಿ ಎಣಿಸತೊಡಗಿದ. ಎಲ್ಲರೂ ಎಲ್ಲೆಲ್ಲೋ ನೋಡಿದರು, ಅಕ್ಕನ ಎಡಮಂಡಿಯೊಂದನ್ನು ಬಿಟ್ಟು. ಅವಳಿಗೆ ಅಷ್ಟೇ ಸಾಕಾಯಿತು.

“ಕನಿಕರ!” ಎಂದಳು. “ನನ್ನ ಮೇಲೆ! ನಿನ್ನ ಮೂಗು ಒರೆಸಿದವಳ ಮೇಲೆ!” ಗೆಳತಿಯ ಕಡೆ ತಿರುಗಿ, “ವ್ಯಾನು ತಿರುಗಿಸಿ ನಿಲ್ಲಿಸೋಕೆ ಹೇಳು” ಎಂದು, ಧಡಧಡನೆ ಮೆಟ್ಟಿಲು ಹತ್ತಿಹೋದಳು. ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಸಿಟ್ಟಿನಲ್ಲಿ ಅವಳ ಗಮನಕ್ಕೆ ಬರಲಿಲ್ಲ, ಆದರೆ ದರ್ಜಿ ನೋಡಿದ: ಅಕ್ಕನ ಕೈ ಒಮ್ಮೆಯೂ ಗೋಡೆಯನ್ನು ಹುಡುಕಲಿಲ್ಲ. ಟ್ರಯಲ್ ಸರಿಯಾಗಿ ಬಂದಿತ್ತು. ಗಿರಾಕಿ ಮಾತ್ರ ಬಿಟ್ಟು ಹೋಗುತ್ತಿದ್ದಳು.

ಮೇಲಿನಿಂದ ಟ್ರಂಕು ಎಳೆಯುವ ಸದ್ದು ಬಂತು. ದರ್ಜಿ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದ ಮೇಸ್ತ್ರಿ ತನಗೆ ತಿಳಿದದ್ದನ್ನು ಮಾಡಿದ: ಶೆಡ್ಡಿನೊಳಗೆ ಹೋಗಿ, ಕಾರಿನ ಮರೆಯಲ್ಲಿ ಹೊಸ ಪ್ಯಾಂಟು ತೊಟ್ಟು ಹೊರಗೆ ಬಂದ. ದುಃಖದ ಮನೆಗೆ ಸ್ವಲ್ಪ ಸಮಾಧಾನವಾಗಲಿ ಎಂದು, “ನೋಡಿ, ಹೇಗೆ ಕೂತಿದೆ!” ಎಂದ. “ನನ್ನ ಮದುವೇಲೂ ಮೂವತ್ತೆರಡು, ಮಗಳ ಮದುವೇಲೂ ಮೂವತ್ತೆರಡು.”

ಸಂಗೀತದ ಟೀಚರು ಕನ್ನಡಕ ಸರಿಮಾಡಿಕೊಂಡಳು. “ಅದು ಮೂವತ್ತೆರಡಾ? ನನಗೂ ಕಣ್ಣಿದೆ.”

“ಬೇಕಾದ್ರೆ ಅಳೀರಿ ಅಮ್ಮಾ!” ಎಂದು ಮೇಸ್ತ್ರಿ ರೋಷದಿಂದ ತನ್ನದೇ ಕಬ್ಬಿಣದ ಟೇಪನ್ನು ಎಳೆದು ಸೊಂಟಕ್ಕೆ ಸುತ್ತಿದ. ನೋಡಿದ. ಟೇಪು ತಟ್ಟಿ ಮತ್ತೆ ನೋಡಿದ. ಅವನ ಮುಖ ಹಸಿ ಸಿಮೆಂಟಿನ ಬಣ್ಣಕ್ಕೆ ತಿರುಗಿತು. “ಟೈಲರ್ರೇ! ಏನಿದು? ವರ್ಷಾವರ್ಷ ನಂಗೆ ಗೊತ್ತಿಲ್ಲದ ಹಾಗೆ ಸಡಿಲ ಬಿಡ್ತಾ ಬಂದಿದೀರಾ? ಅಂದ್ರೆ… ಅಂದ್ರೆ ನನ್ನ ಹೆಂಡತಿ ಹೇಳ್ತಿದ್ದದ್ದೇ ನಿಜಾನಾ?”

ಈ ಕೂಗಿಗೆ ಮೇಲಿನ ಟ್ರಂಕಿನ ಸದ್ದು ನಿಂತಿತು.

ಆಮೇಲೆ ಅಕ್ಕ ಬಾಲ್ಕನಿಗೆ ಬಂದಳು. ಕೈಯಲ್ಲಿ ಅವಳ ಬಿಳಿ ಪ್ಯಾಂಟು, ಒಳಮಗ್ಗುಲು ಹೊರಗಾಗಿ. ಸೊಂಟದ ಪಟ್ಟಿಯ ಒಳಗೆ ಸೂಜಿ ಚುಚ್ಚಿದ ಸಣ್ಣ ತೂತುಗಳ ಗೆರೆ. ಅದರ ಪಕ್ಕ ಇನ್ನೊಂದು ಗೆರೆ. ಅದರ ಪಕ್ಕ ಮತ್ತೊಂದು. ಕಡಿದ ಮರದ ಕಾಂಡದಲ್ಲಿ ಸುತ್ತುಗಳಿರುವ ಹಾಗೆ, ಪ್ರತಿ ವರ್ಷ ಬಿಚ್ಚಿ ಹೊಲಿದ ಗುರುತು.

“ಇದೇನು ಮಗು?”

“ಒಗೆದಾಗ ಬಟ್ಟೆ ಕುಗ್ಗುತ್ತೆ ಅಕ್ಕ.”

“ಪ್ರತಿ ವರ್ಷಾನೂ?”

“ಒಳ್ಳೆ ಬಟ್ಟೆ. ನಿಧಾನವಾಗಿ ಕುಗ್ಗುತ್ತೆ.”

ಅಕ್ಕ ಪ್ಯಾಂಟನ್ನು ನೋಡಿದಳು. ಮೇಸ್ತ್ರಿಯ ಹೊಟ್ಟೆಯನ್ನು ನೋಡಿದಳು. ತಾನೀಗ ಹತ್ತಿ ಬಂದ ಮೆಟ್ಟಿಲ ಸಾಲನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಅವಳ ತುಟಿ ಒಂದು ಕಡೆ ಸ್ವಲ್ಪ ಸಡಿಲವಾಯಿತು. ತಕ್ಷಣ ಬಿಗಿಮಾಡಿಕೊಂಡು ಗೆಳತಿಯನ್ನು ಕೇಳಿದಳು:

“ನಿಮ್ಮೂರಲ್ಲಿ ದರ್ಜಿ ಹೇಗೆ?”

“ಅಯ್ಯೋ, ಬಹಳ ನಿಯತ್ತಿನ ಮನುಷ್ಯ!” ಎಂದಳು ಸಂಗೀತದ ಟೀಚರು ಹೆಮ್ಮೆಯಿಂದ. “ಹೇಳಿದ ದಿನಕ್ಕೆ ಕೊಡ್ತಾನೆ. ಒಂದು ನೂಲು ಆಚೀಚೆ ಆಗಲ್ಲ. ಅಳತೆ ತೆಗೆದು, ಆಮೇಲೆ ತಕರಾರು ಬರಬಾರದು ಅಂತ ಗಟ್ಟಿಯಾಗಿ ಓದಿ ಹೇಳ್ತಾನೆ. ಬೀದಿಗೆಲ್ಲ ಕೇಳುತ್ತೆ.”

ಅಕ್ಕ ಬಾಲ್ಕನಿಯ ಗೋಡೆ ಹಿಡಿದುಕೊಂಡಳು. “ಬೀದಿಗೆಲ್ಲ?”

“ಮೂಲೆ ಹೋಟೆಲಿಗೂ.”

ಆ ಮೇಲೆ ನಡೆದದ್ದನ್ನು ಹಾಲಿನವಳು ಮುಂದೆ ಬಹಳ ದಿನ ಮನೆಮನೆಗೆ ಹಾಲಿನ ಜೊತೆ ಹಂಚಿದಳು. ಅಕ್ಕ ಪ್ಯಾಂಟನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, “ನೀನು ಹೋಗಿ ಬಾ ಕಣೇ. ನಾನು ಬರೋಕಾಗಲ್ಲ” ಎಂದಳು. “ಈ ಹುಡುಗನ ಮಂಡಿ ಇನ್ನೂ ಪೂರ್ತಿ ಸರಿಹೋಗಿಲ್ಲ. ಅರ್ಧಕ್ಕೆ ಬಿಟ್ಟು ಹೋದ್ರೆ ಮತ್ತೆ ಹಿಡ್ಕೊಳುತ್ತೆ.”

“ಈಗ ತಾನೇ ಮಂಗನ ಹಾಗೆ ಹಾರಿದ್ನಲ್ಲೇ?”

“ಅದೇ. ಹಾಗೆ ಹಾರಬಾರದಿತ್ತು,” ಎಂದು ಅಕ್ಕ ತಮ್ಮನನ್ನು ನೋಡಿದಳು. “ನೋವಿದೆ ತಾನೇ?”

“ಇದೆ ಅಕ್ಕ,” ಎಂದ ದರ್ಜಿ ತಟ್ಟನೆ. “ಪ್ರಾಣ ಹೋಗ್ತಿದೆ.”

ಮೇಸ್ತ್ರಿ ಅಂದು ಸಂಜೆಯೊಳಗೆ ಕಂಬಿ ಹಾಕಿದ. ಸಿಟ್ಟು ಇಳಿದ ಮೇಲೆ, ಮದುವೆಯಲ್ಲಿ ಯಾರಾದರೂ ಕೇಳಿದರೆ ಮೂವತ್ತೆರಡು ಎಂದೇ ಹೇಳಬೇಕೆಂದು ದರ್ಜಿಯಿಂದ ಮಾತು ತೆಗೆದುಕೊಂಡ. ಕಂಬಿಗೆ ಬಣ್ಣ ಒಂದು ಬಾಕಿ. ನಾಳೆ ಬರುತ್ತೇನೆಂದು ಹೋದವನು ಇನ್ನೂ ಬಂದಿಲ್ಲ. ದರ್ಜಿಯೂ ಕೇಳಲು ಹೋಗಿಲ್ಲ. ಯಾವ ಬಾಯಿಂದ ಕೇಳುತ್ತಾನೆ?

ಈಗಲೂ ಬೆಳಿಗ್ಗೆ ಶೆಡ್ಡಿನ ಮುಂದೆ ಡ್ರಿಲ್ ಮುಗಿದ ಮೇಲೆ ಅಕ್ಕ, ತಮ್ಮ ಜೊತೆಯಾಗಿ ಮೆಟ್ಟಿಲು ಹತ್ತುತ್ತಾರೆ. ಅಕ್ಕ ಕಂಬಿ ಹಿಡಿದು ನಿಧಾನವಾಗಿ ಹತ್ತುತ್ತಾಳೆ, ಕುಂಟುವ ತಮ್ಮ ಹಿಂದೆ ಬೀಳಬಾರದಲ್ಲ ಎಂದು. ಕಟ್ಟೆಯ ಹತ್ತಿರ ಬಂದಾಗ, “ಕೂತ್ಕೋ ಸ್ವಲ್ಪ, ನಿನಗೆ ಒಳ್ಳೇದು” ಎಂದು ತಾನೂ ಪಕ್ಕದಲ್ಲಿ ಕೂರುತ್ತಾಳೆ. ಅಲ್ಲಿಂದ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು; ಇಬ್ಬರೂ ಅದನ್ನು ಸಮುದ್ರ ನೋಡುವವರ ಹಾಗೆ ನೋಡುತ್ತಾರೆ.

“ಇವತ್ತು ಯಾವ ಮಂಡಿ?” ಎಂದು ಅಕ್ಕ ಕೇಳುತ್ತಾಳೆ.

“ಎಡ, ಅಕ್ಕ.”

“ಹೂಂ. ಎಡಾನೇ ಇರ್ಲಿ. ಬದಲಾಯಿಸಬೇಡ,” ಎಂದು ಅವಳು ತನ್ನ ಎಡಮಂಡಿಯನ್ನು ಮೆಲ್ಲಗೆ ನೀವಿಕೊಳ್ಳುತ್ತಾಳೆ.